ಹೊಲ ಮಾಡೋರು ಮೂರು ಮಂದಿ, ಉತಾರದಾಗ ಹೆಸರು ಒಂದು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬಸ್ಸಿನಲ್ಲಿ ಕೂತು ಕೇಳೋರು, ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಕೂತು ಕೇಳೋರು, ಪುಣೆಯಲ್ಲಿ ಕಂಪನಿ ಶಿಫ್ಟ್ ಮುಗಿಸಿ ಕೇಳೋರು, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಭೂಸ್ವಾಧೀನ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕಿನವರಿಗೆ ಇದು ದೂರದ ಸುದ್ದಿ ಅಲ್ಲ. ನಿಪ್ಪಾಣಿ ಮಗ್ಗುಲಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಮೊದಲು ನಾಲ್ಕು ಲೇನ್ ಆಯ್ತು, ಆಮೇಲೆ ಆರು ಲೇನ್ ಕೆಲಸ ಶುರುವಾಯ್ತು. ರಾಯಬಾಗ ತಾಲೂಕಿನ ಕುಡಚಿಯಿಂದ ಬಾಗಲಕೋಟೆಗೆ 142 ಕಿಲೋಮೀಟರ್ ರೈಲು ಮಾರ್ಗ 2010-11ರಲ್ಲಿ ಮಂಜೂರಾಯ್ತು. ಅದು ವರ್ಷಗಟ್ಟಲೆ ತೆವಳೋದಕ್ಕೆ ದೊಡ್ಡ ಕಾರಣ ಭೂಸ್ವಾಧೀನ. ಕೃಷ್ಣಾ ನದಿಗೆ ಹಿಪ್ಪರಗಿ ಬ್ಯಾರೇಜ್ ಕಟ್ಟಿದಾಗ ಹಿನ್ನೀರು ಅಥಣಿ, ರಾಯಬಾಗ ಕಡೆಯ ಹೊಲಗಳಿಗೂ ಬಂತು. ಇದರ ಮೇಲೆ ಏತ ನೀರಾವರಿ ಕಾಲುವೆ, ಬೈಪಾಸು, ವಿದ್ಯುತ್ ಸಬ್‌ಸ್ಟೇಷನ್ನು. ಒಂದಲ್ಲ ಒಂದು ದಿನ ಯಾವುದೋ ಒಂದು ಗೆರೆ ನಿಮ್ಮ ಸರ್ವೆ ನಂಬರಿನ ಮೇಲೆ ಹಾಯೋದು ಆಗದ ಮಾತೇನಲ್ಲ.

ಸಾಮಾನ್ಯವಾಗಿ ಇಂಥ ಚರ್ಚೆಯಲ್ಲಿ ಎರಡೇ ಪಾರ್ಟಿ ಇರ್ತಾವೆ. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ರೈತ. ಯೋಗ್ಯ ದರ ಕೊಟ್ರೋ ಇಲ್ಲೋ ಅನ್ನೋದೇ ಜಗಳ. ಅದೂ ನಿಜವಾದ ಜಗಳಾನೇ. ಆದ್ರೆ ಇವತ್ತು ನಾನು ಹೇಳಬೇಕು ಅಂದುಕೊಂಡಿದ್ದು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು: ಆ ‘ರೈತ’ ಅಂದ್ರೆ ಯಾರು? ಹೊಲ ಯಾರದು ಅನ್ನೋದನ್ನ ನಮ್ಮ ಊರು ಒಂದು ರೀತಿ ಬರ್ಕೊಂಡಿದೆ, ಸರ್ಕಾರದ ಕಾಗದ ಇನ್ನೊಂದು ರೀತಿ ಬರ್ಕೊಂಡಿದೆ. ನೋಟಿಸು ಬರೋತನಕ ಈ ಎರಡೂ ಒಂದರ ಪಕ್ಕ ಒಂದು ತಣ್ಣಗೆ ಇರ್ತಾವೆ. ನೋಟಿಸು ಬಂದ ದಿನ ಎರಡರ ನಡುವಿನ ಬಿರುಕು ಕಾಣುತ್ತೆ.

ಊರಿನ ಲೆಕ್ಕ ಹೇಗಿರುತ್ತೆ ನೋಡಿ. ಅಪ್ಪನ ಹೆಸರಿನಲ್ಲಿ ಎಂಟು ಎಕರೆ ಇದೆ ಅಂತ ಇಟ್ಕೊಳ್ಳಿ. ಅಪ್ಪ-ಅವ್ವ ಇಬ್ಬರೂ ತೀರಿಕೊಂಡಿದ್ದಾರೆ. ಇಬ್ಬರು ಅಣ್ಣತಮ್ಮಂದಿರು, ಮೂವರು ಅಕ್ಕತಂಗಿಯರು. ಹಿರಿಯರು ನಾಲ್ಕು ಮಂದಿ ಕೂತು, ಹಗ್ಗ ಹಿಡಿದು ಅಳೆದು, ಮಧ್ಯೆ ಒಂದು ಬದು ಹಾಕಿ ಪಡುವಣ ನಾಲ್ಕು ಎಕರೆ ಅಣ್ಣಂದು, ಮೂಡಣ ನಾಲ್ಕು ಎಕರೆ ತಮ್ಮಂದು ಅಂತ ವಾಟ್ನಿ ಮಾಡಿಕೊಟ್ರು. ಯಾರೂ ಕಚೇರಿಗೆ ಹೋಗಲಿಲ್ಲ. ಉತಾರ ಇನ್ನೂ ಅಪ್ಪನ ಹೆಸರಲ್ಲೇ ಇದೆ. ತಮ್ಮ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ, ಹೊಲ ಲಾವಣಿಗೆ ಕೊಟ್ಟಿದ್ದಾನೆ. ಲಾವಣಿ ಮಾಡೋ ಮನೆಯವರು ಹದಿನೈದು ವರ್ಷದಿಂದ ಅಲ್ಲೇ ದುಡೀತಿದ್ದಾರೆ.

ಇಂಥ ಮನೆ ನಿಮ್ಮ ಓಣಿಯಲ್ಲಿ ಎಷ್ಟಿವೆ, ನೀವೇ ಎಣಿಸಿ.

ಈಗ ರಸ್ತೆ ಬಂತು. ಮೂಡಣ ಭಾಗದಲ್ಲಿ ಎರಡು ಎಕರೆ ಹೋಯ್ತು. ಪರಿಹಾರ 50 ಲಕ್ಷ ಅಂತ ಇಟ್ಕೊಳ್ಳಿ. ಊರಿನ ಲೆಕ್ಕದಲ್ಲಿ ಹೋಗಿದ್ದು ತಮ್ಮನ ಹೊಲ, ಅಣ್ಣನ ಬದು ಒಂದು ಮೊಳಾನೂ ಅಲುಗಿಲ್ಲ. ಕಾಗದದ ಲೆಕ್ಕದಲ್ಲಿ ಹೋಗಿದ್ದು ‘ಅಪ್ಪನ’ ಹೊಲ, ಅದಕ್ಕೆ ಐದು ಮಂದಿ ವಾರಸುದಾರರು, ತಲೆಗೆ ಹತ್ತು ಲಕ್ಷ. ಅಂದ್ರೆ ಅರ್ಧ ಹೊಲ ಕಳಕೊಂಡ ತಮ್ಮನಿಗೆ ಹತ್ತು ಲಕ್ಷ, ಏನೂ ಕಳಕೊಳ್ಳದ ಅಣ್ಣನಿಗೂ ಹತ್ತು ಲಕ್ಷ. ತಮ್ಮ ಹೇಳ್ತಾನೆ: ಹಂಗಾದ್ರ ಉಳಿದ ಆರು ಎಕರೆ ಮತ್ತೊಮ್ಮೆ ಹಂಚೋಣು. ಅಣ್ಣ ಹೇಳ್ತಾನೆ: ನನ್ನ ಪಾಲಿನಾಗ ನಾನು ಬೋರ್ ಹೊಡಿಸೇನಿ, ಪೈಪ್‌ಲೈನ್ ಮಾಡೇನಿ, ಅದಕ್ಕ ಕೈ ಹಚ್ಚಬ್ಯಾಡ. ಇಬ್ಬರ ಮಾತೂ ಸುಳ್ಳಲ್ಲ. ಒಪ್ಪಂದ ಆಗದಿದ್ರೆ ದುಡ್ಡು ಯಾರ ಕೈಗೂ ಬರಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲೂ, ಹೆದ್ದಾರಿ ಕಾಯ್ದೆಯಲ್ಲೂ ಪಾಲಿನ ತಕರಾರು ಇದ್ರೆ ವಿಷಯ ಪ್ರಾಧಿಕಾರಕ್ಕೋ ಕೋರ್ಟಿಗೋ ಹೋಗುತ್ತೆ, ಮೊತ್ತ ಅಲ್ಲೇ ಠೇವಣಿ ಕೂರುತ್ತೆ. ರಸ್ತೆ ಮಾತ್ರ ನಿಲ್ಲಲ್ಲ. ಹೆದ್ದಾರಿ ಕಾಯ್ದೆಯ 3ಡಿ ಅಧಿಸೂಚನೆ ಹೊರಬಿದ್ದ ಕ್ಷಣಕ್ಕೆ ಜಮೀನು ಕೇಂದ್ರ ಸರ್ಕಾರದ್ದಾಗುತ್ತೆ.

ಇಲ್ಲಿ ಒಂದು ಪುಟ್ಟ ಇತಿಹಾಸ ಹೇಳ್ಬೇಕು. ಈ ‘ಸರ್ವೆ ನಂಬರು’ ಅನ್ನೋದು ನಮ್ಮ ಕಡೆ ಬಂದಿದ್ದು ಹತ್ತೊಂಬತ್ತನೇ ಶತಮಾನದ ಮುಂಬೈ ಇಲಾಖೆಯ ಮೋಜಣಿಯಿಂದ. 33 ಅಡಿ ಸರಪಳಿ ಎಳೆದ್ರು. 33 ಅಡಿ ಉದ್ದ, 33 ಅಡಿ ಅಗಲ ಆದ್ರೆ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಇವತ್ತಿಗೂ ನಾವು ಮಾತಾಡೋದು ಆ ಸರಪಳಿಯ ಭಾಷೆಯಲ್ಲೇ. ಆದ್ರೆ ಆ ಮೋಜಣಿ ಉದ್ದೇಶ ಹೊಲ ನಿಮ್ಮದು ಅಂತ ಸಾರೋದಾಗಿರಲಿಲ್ಲ, ಕಂದಾಯ ಯಾರಿಂದ ವಸೂಲು ಮಾಡ್ಬೇಕು ಅಂತ ಗೊತ್ತುಮಾಡೋದಾಗಿತ್ತು. ಉತಾರದ ಗುಣ ಈಗಲೂ ಅದೇ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಪ್ರಕಾರ ಉತಾರದಲ್ಲಿರೋದು ನಿಜ ಅಂತ ಮೊದಲು ನಂಬಬೇಕು, ಸುಳ್ಳು ಅಂತ ಯಾರಾದ್ರೂ ಸಾಬೀತು ಮಾಡೋತನಕ. ಅಷ್ಟೇ. ಅದು ಮಾಲೀಕತ್ವದ ಕೊನೆ ಮಾತಲ್ಲ. ಆದ್ರೆ ನೋಟಿಸು ಬರೆಯೋ ಅಧಿಕಾರಿ ಮುಂದೆ ಇರೋ ಮೊದಲ ಕಾಗದ ಅದೇ.

ಅಕ್ಕತಂಗಿಯರ ಮಾತಿಗೆ ಬರ್ತೀನಿ. ಇಲ್ಲಿ ಕೆಲವರಿಗೆ ಕೇಳೋದು ಕಷ್ಟ ಆಗಬಹುದು, ಆಗಲಿ.

ಊರಿನ ರೂಢಿಯಲ್ಲಿ ಹೆಣ್ಣುಮಕ್ಕಳಿಗೆ ಮದುವೆ ಮಾಡಿಕೊಟ್ವಿ, ಪಂಚಮಿಗೆ ಕರೀತೀವಿ, ಸೀರೆ ಉಡಿಸ್ತೀವಿ, ಮುಗೀತು. ಕಾನೂನು ಹಂಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಬಂದ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಮಗನಷ್ಟೇ ಪಾಲುದಾರಳು. ಆ ದಿನ ಅಪ್ಪ ಬದುಕಿರಬೇಕಾ ಅನ್ನೋ ಗೊಂದಲ ಬಹಳ ವರ್ಷ ಇತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನ ಬಗೆಹರಿಸಿತು. ಬದುಕಿರಬೇಕಂತಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತೆ. ಅದೇ ತೀರ್ಪಿನಲ್ಲಿ ನಮ್ಮ ಕಥೆಗೆ ಇನ್ನೂ ಹತ್ತಿರದ ಮಾತಿದೆ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿ ಆದ ವಿಭಾಗ ಪತ್ರ ಅಥವಾ ಕೋರ್ಟಿನ ಡಿಕ್ರಿ ಇದ್ರೆ ಆ ಹಂಚಿಕೆಗೆ ಧಕ್ಕೆ ಇಲ್ಲ. ಬಾಯಿಮಾತಿನ ವಾಟ್ನಿ ಆಗಿತ್ತು ಅಂತ ಹೇಳಿದ್ರೆ ಕೋರ್ಟು ಸುಮ್ಮನೆ ಒಪ್ಪಲ್ಲ. ಸರ್ಕಾರಿ ದಾಖಲೆಗಳು ಅದಕ್ಕೆ ಬೆಂಬಲ ಕೊಡ್ಬೇಕು, ಅದೂ ಅಪರೂಪದ ಸಂದರ್ಭದಲ್ಲಿ. ನಾಲ್ಕು ಹಿರಿಯರ ಮುಂದೆ ಹಗ್ಗ ಹಿಡಿದದ್ದಕ್ಕೆ ಯಾವ ಸರ್ಕಾರಿ ದಾಖಲೆ ಇರುತ್ತೆ?

ಹೊಲ ಹೊಲವಾಗಿ ಇರೋತನಕ ಬಹಳಷ್ಟು ಅಕ್ಕತಂಗಿಯರು ಏನೂ ಕೇಳಲ್ಲ. ತವರು ಮನೆ ಬಾಗಿಲು ಮುಚ್ಚುತ್ತೆ ಅನ್ನೋ ಅಂಜಿಕೆ. ಹೊಲ ರೊಕ್ಕ ಆದಾಗ ಎಲ್ಲ ವಾರಸುದಾರರ ಸಹಿ ಬೇಕಾಗುತ್ತೆ. ಆಗ ಅಣ್ಣಂದಿರು ಕಾರು ಮಾಡ್ಕೊಂಡು ಸಹಿಗೆ ಬರ್ತಾರೆ. ‘ಸುಮ್ನ ಒಂದು ಸಹಿ ಅಷ್ಟ’ ಅಂತಾರೆ. ಆ ಕಾಗದ ಹಕ್ಕುಬಿಡುಗಡೆ ಪತ್ರವೋ, ಪರಿಹಾರಕ್ಕೆ ಒಪ್ಪಿಗೆಯೋ, ವಾರಸಾ ಅರ್ಜಿಯೋ ಓದದೆ ಸಹಿ ಮಾಡಬೇಡಿ. ಇದನ್ನ ಕೇಳ್ತಿರೋ ಹೆಣ್ಣುಮಕ್ಕಳಿಗೆ ಹೇಳ್ತಿದ್ದೀನಿ. ನಿಮ್ಮ ಅವ್ವನಿಗೂ ಹೇಳಿ, ಅವರ ತವರಿನ ಉತಾರವೂ ಅಜ್ಜನ ಹೆಸರಲ್ಲೇ ಇರಬಹುದು. ಪಾಲು ಬಿಟ್ಟುಕೊಡೋದು ಬಿಡೋದು ನಿಮ್ಮಿಷ್ಟ. ಆದ್ರೆ ಬಿಟ್ಟುಕೊಡೋದಾದ್ರೆ ತಿಳಿದು ಬಿಟ್ಟುಕೊಡಿ.

ಈಗ ಮೂರನೆಯವರು, ಲಾವಣಿ ಮಾಡೋ ಮನೆ. ಈ ಇಡೀ ಮಾತಿನಲ್ಲಿ ಅತಿ ಕಡಿಮೆ ದನಿ ಇರೋದು ಇವರಿಗೇ.

1974ರ ತಿದ್ದುಪಡಿ ಆದ ಮೇಲೆ ಕರ್ನಾಟಕದ ಭೂಸುಧಾರಣೆ ಕಾಯ್ದೆ ಉಳುವವನನ್ನೇ ಒಡೆಯ ಮಾಡಿತು. ಆ ವರ್ಷದ ಮಾರ್ಚ್ 1ಕ್ಕೆ ಗೇಣಿ ಮಾಡ್ತಿದ್ದವರು ಏಳನೇ ನಮೂನೆ ಕೊಟ್ಟು ಹೊಲ ಪಡೆದ್ರು. ಅಲ್ಲಿಂದ ಮುಂದೆ, ಸೈನಿಕರಂಥ ಕೆಲವರನ್ನ ಬಿಟ್ರೆ, ಹೊಲ ಗೇಣಿಗೆ ಕೊಡೋದೇ ಕಾನೂನುಬಾಹಿರ. ಆದ್ರೆ ಗೇಣಿ ನಿಂತಿತಾ? ಇಲ್ಲ, ಬಾಯಿಮಾತಿಗೆ ಇಳೀತು. ಲಾವಣಿ ಅಂತಾಯ್ತು, ಪಾಲಿಗೆ ಅಂತಾಯ್ತು. ಯುಗಾದಿಗೆ ಮಾತು, ಸುಗ್ಗಿಗೆ ಲೆಕ್ಕ. ಕಾಗದ ಮಾಡಿದ್ರೆ ಹೊಲ ಅವರದಾಗುತ್ತೆ ಅಂತ ಮಾಲೀಕರಿಗೆ ಹೆದರಿಕೆ. ಕಾಗದ ಕೇಳಿದ್ರೆ ಮುಂದಿನ ವರ್ಷ ಹೊಲ ಸಿಗಲ್ಲ ಅಂತ ಮಾಡೋರಿಗೆ ಹೆದರಿಕೆ. ಐವತ್ತು ವರ್ಷ ಹಿಂದೆ ಉಳುವವನ ಪರ ಬಂದ ಕಾನೂನು ಇವತ್ತಿನ ಉಳುವವನನ್ನ ದಾಖಲೆಯಿಂದಲೇ ಅಳಿಸಿ ಹಾಕಿದೆ. ಕಾಯ್ದೆ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಅದರಿಂದ ಹೊಲ ಪಡೆದ ಲಕ್ಷಾಂತರ ಮನೆಗಳಿವೆ, ನಿಮ್ಮಲ್ಲೂ ಕೆಲವರು ಆ ಮನೆಯ ಮೊಮ್ಮಕ್ಕಳೇ.

ಆದ್ರೆ ಬಹಳ ಮಂದಿಗೆ ಗೊತ್ತಿಲ್ಲದ ವಿಷಯ ಒಂದಿದೆ. 2013ರ ಕಾಯ್ದೆ ‘ಬಾಧಿತ ಕುಟುಂಬ’ ಅಂತ ಒಂದು ಪದ ತಂದಿದೆ. ಅದರಲ್ಲಿ ಜಮೀನು ಇಲ್ಲದವರೂ ಬರ್ತಾರೆ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ಪ್ರದೇಶದಲ್ಲಿ ಕೃಷಿ ಕೂಲಿ ಮಾಡಿದವರು, ಗೇಣಿ ಅಥವಾ ಪಾಲಿಗೆ ಮಾಡಿದವರು, ಕುಶಲಕರ್ಮಿಗಳು, ಅವರ ಮುಖ್ಯ ಬದುಕು ಅದೇ ಆಗಿದ್ರೆ ಅವರೂ ಬಾಧಿತರು. ಹೊಲದ ಬೆಲೆ ಅವರಿಗೆ ಬರಲ್ಲ. ಆದ್ರೆ ಪುನರ್ವಸತಿ ಸೌಲಭ್ಯಕ್ಕೆ ಹಕ್ಕಿದೆ. ಯೋಜನೆಯಲ್ಲಿ ಉದ್ಯೋಗ ಹುಟ್ಟಿದ್ರೆ ಕೆಲಸ, ಇಲ್ಲವೇ ಕುಟುಂಬಕ್ಕೆ ಒಂದೇ ಸಲ 5 ಲಕ್ಷ, ಇಲ್ಲವೇ 20 ವರ್ಷ ತಿಂಗಳಿಗೆ ಕನಿಷ್ಠ 2 ಸಾವಿರ ಅಂತ ಕಾಯ್ದೆಯ ಎರಡನೇ ಅನುಸೂಚಿ ಹೇಳುತ್ತೆ. ಇದು ತಾನಾಗೇ ಮನೆಗೆ ಬರಲ್ಲ. ನಾವು ಇಲ್ಲಿ ದುಡೀತಿದ್ವಿ ಅಂತ ತೋರಿಸ್ಬೇಕು. ಏನು ತೋರಿಸ್ತೀರಿ? ನಮ್ಮ ಕಡೆ ಕಬ್ಬು ಕಾರ್ಖಾನೆಗೆ ಹೋಗುತ್ತೆ. ಬಿಲ್ಲು ಯಾರ ಹೆಸರಲ್ಲಿ ಬಂತು, ಯಾರ ಖಾತೆಗೆ ಜಮಾ ಆಯ್ತು, ತೂಕದ ಚೀಟಿ ಯಾರ ಹತ್ರ ಇದೆ? ಗೊಬ್ಬರದ ಪಾವತಿ, ಮೋಟರಿನ ರಿಪೇರಿ ಚೀಟಿ, ಲಾವಣಿ ರೊಕ್ಕ ಫೋನ್‌ಪೇ ಮಾಡಿದ ದಾಖಲೆ, ಪಕ್ಕದ ಹೊಲದವರ ಹೇಳಿಕೆ, ಇವೆಲ್ಲ ಕೂಡಿಸಿದ್ರೆ ಮೂರು ವರ್ಷದ ಬೆವರಿಗೆ ಒಂದು ಆಕಾರ ಬರುತ್ತೆ. ಮಾಲೀಕರ ಮಕ್ಕಳು ಇದನ್ನ ಕೇಳ್ತಿದ್ರೆ ಒಂದು ಮಾತು: ಆ ಮನೆಯವರಿಗೆ ಪುನರ್ವಸತಿ ಸಿಕ್ಕಿದ್ರೆ ನಿಮ್ಮ ಪರಿಹಾರದಲ್ಲಿ ಒಂದು ಪೈಸಾನೂ ಕಮ್ಮಿ ಆಗಲ್ಲ, ಅದು ಬೇರೆ ಬಾಬತ್ತು.

ರೂಢಿ ಅಂದ ಕೂಡಲೇ ಕೆಲವರು ಹಿರಿಯರ ಕಾಲ ಬಂಗಾರದ್ದು ಅಂತ ಶುರು ಮಾಡ್ತಾರೆ. ಹಂಗಿರಲಿಲ್ಲ. ವತನದ ಹೊಲ ನೋಡಿ. ಊರ ಚಾಕರಿಗೆ ಪ್ರತಿಯಾಗಿ ತಲೆಮಾರಿನಿಂದ ತಲೆಮಾರಿಗೆ ಕೊಟ್ಟ ಹೊಲ. ದಲಿತ ಕುಟುಂಬಗಳಿಗೆ ಅದು ಒಂದು ತುಂಡು ನೆಲವೂ ಹೌದು, ಬಿಡಿಸಿಕೊಳ್ಳಲಾಗದ ಬಿಟ್ಟಿ ಚಾಕರಿಯೂ ಹೌದು. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಶಾಹು ಮಹಾರಾಜರು 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ಮಹಾರ ವತನ ರದ್ದು ಮಾಡಿದ್ರು. 1925ರಲ್ಲಿ ನಿಪ್ಪಾಣಿಯ ಬಹಿಷ್ಕೃತರ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದಿದ್ದ ಅಂಬೇಡ್ಕರ್ 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ವತನ ಕಾಯ್ದೆ ತಿದ್ದುಪಡಿಗೆ ಮಸೂದೆ ತಂದ್ರು. ನಮ್ಮಲ್ಲಿ ಗ್ರಾಮ ಹುದ್ದೆಗಳು ಪೂರ್ತಿ ರದ್ದಾಗಿದ್ದು 1961ರ ಕಾಯ್ದೆಯಿಂದ, ಆ ಹೊಲಗಳನ್ನ ಹಿಡಿದವರಿಗೇ ಮರುಮಂಜೂರು ಮಾಡೋ ವ್ಯವಸ್ಥೆಯೂ ಅದರಲ್ಲೇ ಬಂತು. ಮರುಮಂಜೂರು ಆದೇಶ ಮನೆಯಲ್ಲಿದೆಯಾ, ಉತಾರಕ್ಕೆ ಏರಿದೆಯಾ ಅಂತ ವತನದ ಮನೆಯವರು ಇವತ್ತೇ ನೋಡ್ಕೊಳ್ಳಿ. ಅದಿಲ್ಲದಿದ್ರೆ ಮೂರು ತಲೆಮಾರು ಉತ್ತ ಹೊಲಕ್ಕೂ ಸ್ವಾಧೀನದ ಹೊತ್ತಿಗೆ ‘ಸರ್ಕಾರ’ ಅಂತ ಬರೆದಿರಬಹುದು. ಗಾಯರಾಣದ್ದೂ ಇದೇ ಗೋಳು. ಇಡೀ ಊರಿನ ದನ ಮೇದ ನೆಲ, ಆದ್ರೆ ಕಾಗದದಲ್ಲಿ ಸರ್ಕಾರದ್ದು. ಅದು ಹೋದಾಗ ಯಾರಿಗೂ ಪರಿಹಾರ ಇಲ್ಲ, ದನಗಳು ಅರ್ಜಿ ಹಾಕಲ್ಲ.

ದರದ ವಿಷಯ. ಇಲ್ಲೂ ನಮ್ಮ ರೂಢಿಯೇ ನಮಗೆ ತಿರುಗಿ ಬೀಳುತ್ತೆ. 2013ರ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆ ಹಿಡಿಯೋದು ಮುಖ್ಯವಾಗಿ ಎರಡು ದಾರಿಯಲ್ಲಿ: ಮುದ್ರಾಂಕ ಇಲಾಖೆಯ ಮಾರ್ಗಸೂಚಿ ದರ, ಇಲ್ಲವೇ ಹಿಂದಿನ ಮೂರು ವರ್ಷದಲ್ಲಿ ಅಕ್ಕಪಕ್ಕ ಆದ ಖರೀದಿ ಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ. ಯಾವುದು ಹೆಚ್ಚೋ ಅದು. ಗ್ರಾಮೀಣ ಭಾಗದಲ್ಲಿ ಅದನ್ನ ಪಟ್ಟಣದಿಂದ ಇರೋ ದೂರ ನೋಡಿ 1ರಿಂದ 2ರ ನಡುವಿನ ಗುಣಕದಿಂದ ಹೆಚ್ಚಿಸ್ತಾರೆ. ಅದರ ಮೇಲೆ ಅಷ್ಟೇ ಮೊತ್ತ ಸೊಲೇಷಿಯಂ, ಅಂದ್ರೆ ಶೇ 100. ಮತ್ತೆ ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ 12 ಹೆಚ್ಚುವರಿ. 2015ರಿಂದ ಹೆದ್ದಾರಿ, ರೈಲ್ವೆ ಸ್ವಾಧೀನಕ್ಕೂ ಇದೇ ಲೆಕ್ಕ.

ಈಗ ಗಣಿತ ಮಾಡಿ. ಕಾಗದದಲ್ಲಿ ಎಕರೆಗೆ 10 ಲಕ್ಷ ಇದ್ದು ಗುಣಕ ಒಂದೂವರೆ ಆದ್ರೆ 15, ಸೊಲೇಷಿಯಂ ಸೇರಿ 30 ಲಕ್ಷ. ಕಾಗದದಲ್ಲಿ 6 ಲಕ್ಷ ಇದ್ರೆ 18 ಲಕ್ಷ. ಸ್ಟ್ಯಾಂಪ್ ಖರ್ಚು ಉಳಿಸೋಕೆ ಖರೀದಿ ಪತ್ರದಲ್ಲಿ ಕಮ್ಮಿ ಬೆಲೆ ತೋರಿಸಿ, ಉಳಿದದ್ದು ಕೈಯಲ್ಲಿ ಕೊಡೋದು ನಮ್ಮಲ್ಲಿ ಎಷ್ಟು ಸಾಮಾನ್ಯ ಅಂತ ನಿಮಗೆ ಗೊತ್ತು. ಆ ಚಿಕ್ಕ ಜಾಣತನ ಇಡೀ ಊರಿನ ಪರಿಹಾರ ಇಳಿಸುತ್ತೆ. ನೀವು ಮಾಡದಿದ್ರೂ ನಿಮ್ಮ ಪಕ್ಕದ ಹೊಲದವರು ಮಾಡಿರ್ತಾರೆ.

ಇನ್ನೊಂದು ನೀರಾವರಿ–ಒಣಬೇಸಾಯದ ಅಂತರ. ಕೃಷ್ಣಾ ಮೇಲ್ದಂಡೆ ಮೂರನೇ ಹಂತದ ಮುಳುಗಡೆಗೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ದರ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಅದು ಆಲಮಟ್ಟಿ ಕಡೆಯ ಮಾತು, ನಮ್ಮ ತಾಲೂಕುಗಳಿಗೆ ಅದೇ ದರ ಅಂತಲ್ಲ. ಆದ್ರೆ ಪಾಠ ನಮಗೂ ಇದೆ. ನದಿಯಿಂದ ಪೈಪ್‌ಲೈನ್ ಹಾಕಿ ಇಪ್ಪತ್ತು ವರ್ಷದಿಂದ ಕಬ್ಬು ಬೆಳೀತಿದ್ರೂ ಉತಾರದಲ್ಲಿ ‘ಖುಷ್ಕಿ’ ಅಂತಲೇ ಇದ್ರೆ, ಆ ಒಂದು ಪದದ ಬೆಲೆ ಎಕರೆಗೆ ಹತ್ತು ಲಕ್ಷ ಆಗಬಹುದು.

ಹಂಗಾದ್ರೆ ಏನ್ ಮಾಡ್ಬೇಕು? ಫೋನ್ ಕೈಯಲ್ಲೇ ಇದೆಯಲ್ಲ. ಭೂಮಿ ವೆಬ್‌ಸೈಟಿನಲ್ಲಿ ಉತಾರ ತೆಗೀರಿ. ಯಾರ ಹೆಸರಿದೆ, ಎಷ್ಟು ಕ್ಷೇತ್ರ ಇದೆ, ತೀರಿಸಿದ ಸಾಲದ ಬೋಜಾ ಇನ್ನೂ ಕೂತಿದೆಯಾ ನೋಡಿ. ಪಿಕೆಪಿಎಸ್ ಸಾಲ ಎಂದೋ ಮುಗಿದಿರುತ್ತೆ, ಬೋಜಾ ಮಾತ್ರ ಹಾಗೇ ಇರುತ್ತೆ. ಆಮೇಲೆ ಹೊಲಕ್ಕೆ ಹೋಗಿ ದಿಶಾಂಕ್ ಆ್ಯಪ್ ತೆರೀರಿ. ನೀವು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತೆ. ನಿಮ್ಮ ಬದು ಅಂತ ನೀವು ನಂಬಿದ ಗೆರೆ, ನಕ್ಷೆಯ ಗೆರೆ ಒಂದೇನಾ ಅಂತ ಅಂದಾಜು ಸಿಗುತ್ತೆ. ಅಂದಾಜು ಅಷ್ಟೇ, ಅದನ್ನ ಹಿಡ್ಕೊಂಡು ಪಕ್ಕದ ಹೊಲದವರ ಕೂಡ ಜಗಳಕ್ಕೆ ಇಳೀಬೇಡಿ; ಅಳತೆ ಬೇಕಿದ್ರೆ ಮೋಜಣಿಗೆ ಅರ್ಜಿ ಕೊಡಿ. ರೈತರ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಪ್ರತಿ ಹಂಗಾಮಿಗೆ ಬೆಳೆ ಫೋಟೊ ಹಾಕಿ, ನಿಮ್ಮ ಹೊಲದಲ್ಲಿ ಏನು ದಾಖಲಾಗಿದೆ ಅಂತ ಬೆಳೆ ದರ್ಶಕದಲ್ಲಿ ತಾಳೆ ನೋಡಿ. ಹೊಲದಲ್ಲಿ ಕಬ್ಬು, ಕಾಗದದಲ್ಲಿ ಜೋಳ ಅಂತಿದ್ರೆ ಆಗಲೇ ಆಕ್ಷೇಪಣೆ ಹಾಕಿ.

ವಾರಸಾ ಮಾಡಿಸೋದನ್ನ ಮುಂದೂಡಬೇಡಿ. ವಾಟ್ನಿ ಮಾಡೋದಾದ್ರೆ 11ಇ ನಕ್ಷೆ ಮಾಡಿಸಿ ನೋಂದಣಿ ಮಾಡಿ, ಅಕ್ಕತಂಗಿಯರನ್ನ ಕೂಡಿಸ್ಕೊಂಡೇ ಮಾಡಿ. ಯಾಕಂದ್ರೆ 2013ರ ಕಾಯ್ದೆಯ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆ ಜಮೀನಿನ ವ್ಯವಹಾರಕ್ಕೆ ತಡೆ ಬೀಳುತ್ತೆ. ಆದ್ರೂ ಒಂದು ಕಿಟಕಿ ತೆರೆದಿರುತ್ತೆ. ಅಧಿಸೂಚನೆ ಆದ ಎರಡು ತಿಂಗಳೊಳಗೆ ಭೂದಾಖಲೆ ಸರಿಪಡಿಸೋದು ಜಿಲ್ಲಾಧಿಕಾರಿಯ ಕೆಲಸ ಅಂತ ಅದೇ 11ನೇ ಕಲಂ ಹೇಳುತ್ತೆ. ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಆಕ್ಷೇಪಣೆಗೆ ಈ ಕಾಯ್ದೆಯಲ್ಲಿ 60 ದಿನ, ರೈಲ್ವೆಯಲ್ಲಿ 30 ದಿನ, ಹೆದ್ದಾರಿಯಲ್ಲಿ ಬರೀ 21 ದಿನ. ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೋ ಆ ಸರ್ವೆ ನಂಬರಿನ ಪಟ್ಟಿಯನ್ನ ಯಾರೂ ಓದಲ್ಲ. ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೊ ಹಾಕೋ ಕೆಲಸ ನಿಮ್ಮದಾಗಲಿ.

ಆಸ್ತಿ ಹಕ್ಕು 1978ರ 44ನೇ ತಿದ್ದುಪಡಿಯಿಂದ ಮೂಲಭೂತ ಹಕ್ಕಾಗಿ ಉಳಿದಿಲ್ಲ, ಸಂವಿಧಾನದ 300ಎ ವಿಧಿಯಲ್ಲಿದೆ. ಅದಕ್ಕೇನು ಬಲ ಇದೆ ಅಂತ ಕೇಳೋರಿಗೆ 2024ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪೊಂದನ್ನ ನೆನಪಿಸ್ತೀನಿ, ಕೋಲ್ಕತ್ತಾ ನಗರಪಾಲಿಕೆಯ ಪ್ರಕರಣ. ಪರಿಹಾರ ಕೊಟ್ಟ ಮಾತ್ರಕ್ಕೆ ಸ್ವಾಧೀನ ಸರಿಯಾಗಲ್ಲ; ನೋಟಿಸು ಕೊಡ್ಬೇಕು, ಮಾತು ಕೇಳ್ಬೇಕು, ಕಾರಣ ಬರೆದು ತೀರ್ಮಾನ ಹೇಳ್ಬೇಕು ಅಂತ ಏಳು ಹಕ್ಕುಗಳನ್ನ ಅದು ಎಣಿಸಿದೆ. ಮಾತು ಕೇಳೋ ದಿನ ಕಚೇರಿಯಲ್ಲಿ ಯಾರ ಹೆಸರು ಕೂಗ್ತಾರೆ ಅನ್ನೋದು ಮತ್ತೆ ಉತಾರಕ್ಕೇ ಬಂದು ನಿಲ್ಲುತ್ತೆ.

ಮುಂದಿನ ವಾರ ಸವಳು-ಜವಳಿನ ಬಗ್ಗೆ ಮಾತಾಡೋಣ. ಸರ್ಕಾರ ಹೊಲ ತಗೊಂಡ್ರೆ ನೋಟಿಸಾದ್ರೂ ಬರುತ್ತೆ. ಕೃಷ್ಣಾ ದಂಡೆಯಲ್ಲಿ ನೀರು ಕುಡಿದು ಕುಡಿದು ಉಪ್ಪೇರಿದ ಹೊಲಕ್ಕೆ ಅದೂ ಬರಲ್ಲ. ನಿಮ್ಮ ಹೊಲ ಹಂಗಾಗಿದ್ರೆ ಎಷ್ಟು ಗುಂಟೆ, ಯಾವ ವರ್ಷದಿಂದ, ಮೊದಲು ಏನು ಬೆಳೀತಿದ್ರಿ ಅಂತ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ.